ಲೋಕಾಭಿರಾಮ

‘ಏನು ಸಮಾಚಾರ?’ ಎಂದರೆ ‘ಏನಿಲ್ಲ, ಹೀಗೇ ಲೋಕಾಭಿರಾಮ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದಕ್ಕೂ ಹರಟೆಗೂ ನಂಟಿಲ್ಲ. ಲೋಕ, ಅಭಿರಾಮ ಸೇರಿದರೆ ‘ಲೋಕಕ್ಕೆ ಆನಂದ ಕೊಡುವವನು’. ರಾಮಸ್ತುತಿಯಲ್ಲಿ ಬರುವ ಶ್ರೀರಾಮನ ವಿಶೇಷಣ. ಕನ್ನಡಿಗರು ಅದನ್ನು ದೇವರಕೋಣೆಯಿಂದ ಜಗಲಿಗೆ ತಂದರು. ತೆಲುಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹರಟೆಯನ್ನು ‘ಲೋಕಾಭಿರಾಮಾಯಣ’ವನ್ನಾಗಿಯೇ ಮಾಡಿಬಿಟ್ಟರು!

ಹರಟೆಗೆ ಬೇರೆ ಪದಗಳೂ ಇವೆ. ಕಾಡುಹರಟೆ ಎಂದರೆ ತುಸು ಬೈದಂತೆ. ಪಟ್ಟಾಂಗಕ್ಕೆ ಪುರುಸೊತ್ತಾಗಿ ಕೂರಬೇಕು. ಲೋಕಾಭಿರಾಮಕ್ಕೆ ಅದೂ ಬೇಡ, ನಿಂತಲ್ಲೇ ನಡೆಯುತ್ತದೆ. ‘ಲೋಕಾಭಿರಾಮವಾಗಿ ಮಾತಾಡಿದೆವು’ ಎಂದರೆ ಕೆಲಸದ ಮಾತು ಬರಲಿಲ್ಲ, ಸಾಲ ಕೇಳಲಿಲ್ಲ ಎಂದೂ ಅರ್ಥ.

ಆರ್‌ಸಿಬಿ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಇದರ ಸೊಗಸು ನೋಡಬೇಕು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ಬಂದು ಆಟ ನಿಂತಿತೆನ್ನಿ. ನೆಟ್ ರನ್‌ರೇಟಿನ ಲೆಕ್ಕಾಚಾರ ಎರಡೇ ನಿಮಿಷ. ಆಮೇಲೆ ‘ಊಟ ಆಯ್ತಾ ಮಗಾ?’, ‘ನಿಮ್ ಕಡೆ ಕರೆಂಟ್ ಇದ್ಯಾ?’, ಯಾರದೋ ತಂಗಿಯ ಮದುವೆ, ಇನ್ಯಾರದೋ ಬಾಡಿಗೆ ಮನೆಯ ಅಡ್ವಾನ್ಸ್. ಇದಕ್ಕೆ ‘ಆಫ್ ಟಾಪಿಕ್’ ಎಂದು ಮುಖ ಸಿಂಡರಿಸುವವರಿದ್ದಾರೆ. ದಾರಿ ತಪ್ಪಿದಿರಿ ಎಂಬ ಆಕ್ಷೇಪ ಆ ಮಾತಿನಲ್ಲೇ ಇದೆ, ಲೋಕಾಭಿರಾಮದಲ್ಲಿ ಇಲ್ಲ. ನನ್ನ ಮತ ಎರಡನೆಯದಕ್ಕೆ. ಮಳೆ ನಿಂತು ಆಟ ಶುರುವಾದರೂ ಅಡ್ವಾನ್ಸಿನ ಪಂಚಾಯ್ತಿ ಮುಗಿದಿರುವುದಿಲ್ಲ.