ಕಲಾದತ್ತಿಯೂ ಲೋಕಹಿತವೂ

ಅನ್ನದಾನ ವಿದ್ಯಾದಾನಗಳ ಮಹಿಮೆಯನ್ನು ಕನ್ನಡನಾಡಿನ ಶಾಸನಗಳು ಬಹುವಾಗಿ ಸಾರಿರುವುವು. ಗಾಯನ, ವಾದನ, ನರ್ತನ, ನಾಟಕಗಳ ಪೋಷಣೆಗಾಗಿಯೂ ಪೂರ್ವಿಕರು ಭೂಮಿಯನ್ನೂ ಸುಂಕದ ಆದಾಯವನ್ನೂ ಬಿಟ್ಟುಕೊಟ್ಟಿದ್ದರೆಂಬ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ದೊರೆಯು ದತ್ತಿ ಬಿಟ್ಟನೆಂದು ಶಾಸನವು ಹೇಳಿದರೂ, ಆ ದ್ರವ್ಯವು ಒಕ್ಕಲಿಗನ ಬೆವರಿನಿಂದಲೂ ವರ್ತಕನ ಸುಂಕದಿಂದಲೂ ಕೂಡಿಬಂದುದು. ಆದುದರಿಂದ ಇಂಥ ದತ್ತಿಗಳ ಚರಿತ್ರೆಯನ್ನು ಪರಿಶೀಲಿಸುವವರು ಕೊಟ್ಟವರಾರೆಂದು ಕೇಳುವುದರ ಜೊತೆಗೆ, ಆ ಕಲೆಯು ಯಾರ ಪಾಲಿಗೆ ಬಂದಿತೆಂದು ವಿಚಾರಿಸುವುದೂ ನ್ಯಾಯವಾದುದು.

ಎಂಟನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷನೆಂದು ಪ್ರಸಿದ್ಧನಾಗಿರುವ ದೇವನ ಆಲಯವನ್ನು ಕಟ್ಟಿಸಿದಳು. ವಿಜಯಾದಿತ್ಯನು ಹಿಂದೆ ಗಾಯಕರಿಗೆ ಕೊಟ್ಟಿದ್ದ ಮಾನ್ಯಗಳನ್ನು ಆಕೆಯು ಸ್ಥಿರಪಡಿಸಿದಳೆಂದು ಅಲ್ಲಿಯ ಶಾಸನದಿಂದ ತಿಳಿದುಬರುವುದು. ಆಳುವವರು ಬದಲಾದರೂ ಹಾಡುವವನ ಅನ್ನವು ತಪ್ಪಬಾರದೆಂಬ ವಿವೇಕವು ಆ ಕಾಲಕ್ಕಾಗಲೇ ನಾಡಿನಲ್ಲಿದ್ದಿತು. ಆದರೆ ದೇವಾಲಯದ ಕಲೆಯು ದೇವಾಲಯದ ಪ್ರಾಕಾರದೊಳಗಿನ ಕಲೆ. ಬಾಗಿಲ ಹೊರಗೆ ನಿಲ್ಲಬೇಕಾಗಿದ್ದ ಕುಲದವರಿಗೆ ಅದು ದೂರದಿಂದ ಕೇಳಿಬರುವ ಧ್ವನಿಯಾಗಿ ಉಳಿಯಿತೇ ಹೊರತು ಅವರ ಸ್ವತ್ತಾಗಲಿಲ್ಲ.

ಇದಕ್ಕಿಂತ ವಿಶಾಲವಾದ ದೃಷ್ಟಿಯು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಣಬರುವುದು. ಅಲ್ಲಿಯ ಕೇದಾರೇಶ್ವರನ ಸನ್ನಿಧಿಯ ಕೋಡಿಯಮಠವು ಕಾಳಾಮುಖ ಶೈವಾಚಾರ್ಯರ ಪೀಠವಾಗಿದ್ದಿತು. ಕ್ರಿ. ಶ. 1162ರಲ್ಲಿ, ಕಳಚುರಿ ಬಿಜ್ಜಳನ ಆಳಿಕೆಯಲ್ಲಿ, ವಾಮಶಕ್ತಿ ಪಂಡಿತರು ಪೀಠಸ್ಥರಾಗಿದ್ದಾಗ ಹುಟ್ಟಿದ ಶಾಸನವು ಆ ಮಠವನ್ನು ವರ್ಣಿಸುವ ರೀತಿಯು ಅಪೂರ್ವವಾದುದು. ವೇದ, ವ್ಯಾಕರಣ, ದರ್ಶನ, ಪುರಾಣಗಳೊಡನೆ ಕಾವ್ಯ, ನಾಟಕ, ನಾಟ್ಯಗಳೂ ಅಲ್ಲಿ ಪಾಠಕ್ಕೆ ಬರುತ್ತಿದ್ದುವು. ರೋಗಿಗಳಿಗೆ ಔಷಧೋಪಚಾರವಿದ್ದಿತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೂ, ಕಥೆ ಹೇಳುವವರು, ಹಾಡುವವರು, ಬಾಜಿಸುವವರು, ಕುಣಿಯುವವರು ಎಂಬವರಿಗೂ ನಾನಾ ಮತಗಳ ಭಿಕ್ಷುಗಳಿಗೂ ಅಲ್ಲಿ ತಡೆಯಿಲ್ಲದೆ ಅನ್ನ ದೊರೆಯುತ್ತಿದ್ದಿತು. ಕಲಾವಿದನ ಹಸಿವನ್ನು ದೀನನ ಹಸಿವಿನಂತೆಯೇ ಲೋಕದ ಹೊಣೆಯೆಂದು ಭಾವಿಸಿದ ಸಂಸ್ಥೆಯಿದು. ಕಲ್ಯಾಣದಲ್ಲಿ ಶರಣರು ಕಾಯಕ ದಾಸೋಹಗಳನ್ನು ಬೋಧಿಸುತ್ತಿದ್ದ ಶತಮಾನದಲ್ಲಿಯೇ ಇದು ನಡೆದುದೆಂಬುದು ಸ್ಮರಣೀಯ.

ಒಂದು ಅಂಶವನ್ನು ಮಾತ್ರ ಲಕ್ಷ್ಯದಲ್ಲಿಡಬೇಕು. ಬಳ್ಳಿಗಾವೆಯ ಪಂಕ್ತಿಯಲ್ಲಿ ಕುರುಡನೂ ಗಾಯಕನೂ ಜೊತೆಯಲ್ಲಿ ಕುಳಿತು ಉಂಡರು. ಆದರೆ ಕುರುಡನು ಕುರುಡನಾಗಿಯೇ, ಗಾಯಕನು ಗಾಯಕನಾಗಿಯೇ ಶಾಸನದಲ್ಲಿ ನಿಂತಿರುವರು. ಇವರಿಬ್ಬರೂ ಒಂದೇ ದೇಹದಲ್ಲಿ ಕೂಡುವುದಕ್ಕೆ ಕನ್ನಡನಾಡು ಬಹುಕಾಲ ಕಾಯಬೇಕಾಯಿತು.

ನಡುವಣ ಶತಮಾನಗಳಲ್ಲಿ ಕಲೆಗೆ ಅರಮನೆಗಳೇ ಮುಖ್ಯಾಶ್ರಯವಾದುವು. ಮೈಸೂರಿನ ನಾಲ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನವು ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರೇ ಮೊದಲಾದ ವಿದ್ವಾಂಸರಿಂದ ಶೋಭಿಸುತ್ತಿದ್ದಿತು. ಆ ಪೋಷಣೆಯಿಲ್ಲದಿದ್ದರೆ ಎಷ್ಟೋ ವಿದ್ಯೆ ನಷ್ಟವಾಗುತ್ತಿದ್ದಿತು. ಆದರೂ ಆಸ್ಥಾನದ ಕಛೇರಿಗೆ ಕರೆ ಬಂದವರೇ ಶ್ರೋತೃಗಳು. ತೆರಿಗೆ ತೆತ್ತ ರೈತನಿಗೆ ಆ ಕರೆಯು ಬಂದುದು ವಿರಳ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯೆಂಬ ಹೆಸರಿನಿಂದ ಬಾನುಲಿಯನ್ನು ಆರಂಭಿಸಿದಾಗ ಗೋಡೆಯನ್ನು ದಾಟಿ ಸಂಗೀತವು ಹೊರಬರುವ ಹೊಸ ಮಾರ್ಗವೊಂದು ತೆರೆಯಿತು.

ಉತ್ತರ ಭಾಗದಲ್ಲಿ ಈ ಕಾರ್ಯವು ಜೋಳಿಗೆಯಿಂದಲೂ ನಡೆಯಿತು. 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು, 1892ರಲ್ಲಿ ಜನಿಸಿದ ಒಬ್ಬ ಹುಟ್ಟುಕುರುಡ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿ, ಆತನ ಸಂಗೀತಾಭ್ಯಾಸದ ಭಾರವನ್ನು ಹೊತ್ತರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಕೀರ್ತಿಶಾಲಿಯಾದನು. ದಕ್ಷಿಣಾದಿ, ಉತ್ತರಾದಿ ಎರಡು ಪದ್ಧತಿಗಳನ್ನೂ ಕಲಿತ ಆ ಮಹನೀಯರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ, ಕಲಿಸುತ್ತ, ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಸಿದರು. ಕುಲವನ್ನು ಕೇಳದೆ, ಶುಲ್ಕವನ್ನು ಬೇಡದೆ ಅನ್ನ, ವಸತಿ, ವಿದ್ಯೆಗಳನ್ನು ಕೊಡುವುದೇ ಅಲ್ಲಿಯ ವ್ರತ. ಬಸವರಾಜ ರಾಜಗುರುಗಳು ಇವರ ಶಿಷ್ಯರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯೋತ್ತಮ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ನಾಟಕಗಳಿಂದ ಬಂದ ಹಣವೂ, ಭಕ್ತರು ತುಲಾಭಾರದಲ್ಲಿ ಒಪ್ಪಿಸಿದ ದ್ರವ್ಯವೂ ಮಕ್ಕಳ ಊಟಕ್ಕೆ ವಿನಿಯೋಗವಾದುವು. ಬಳ್ಳಿಗಾವೆಯಲ್ಲಿ ಅನ್ನಕ್ಕೆ ಕೈಯೊಡ್ಡಿದ್ದ ಅಂಧನು ಗದುಗಿನಲ್ಲಿ ತಂಬೂರಿಯನ್ನು ಹಿಡಿದು ನಾಡಿಗೇ ಗಾನವನ್ನು ದಾನಮಾಡಿದನು.

ಸ್ವಾತಂತ್ರ್ಯಾನಂತರ ಈ ಹೊಣೆಯಲ್ಲಿ ಸರ್ಕಾರವೂ ಪಾಲುಗೊಂಡಿತು. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯು ಉದ್ಘಾಟನೆಗೊಂಡಿತು. 1959ರಲ್ಲಿ ಮೈಸೂರು ಸಂಸ್ಥಾನದ ಅಕಾಡೆಮಿಯೂ, 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣವೂ ಉದಯಿಸಿದುವು. ಪ್ರೇಕ್ಷಕನು ಪಟ್ಟಣಕ್ಕೆ ಬರಲಾರದಿದ್ದರೆ ನಾಟಕವೇ ಅವನ ಊರಿಗೆ ಹೋಗಬೇಕೆಂಬ ತತ್ತ್ವವನ್ನು ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1985ರಲ್ಲಿ ಆರಂಭವಾದ ತಿರುಗಾಟದಿಂದಲೂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠವು 1997ರಲ್ಲಿ ಆರಂಭವಾದ ಶಿವಸಂಚಾರದಿಂದಲೂ ಆಚರಣೆಗೆ ತಂದುವು.

ಈ ಚರಿತ್ರೆಯಿಂದ ಫಲಿಸುವ ನೀತಿಯು ಸ್ಪಷ್ಟವಾಗಿದೆ. ಕಲಾವಿದನಿಗೆ ಅನ್ನವನ್ನು ಕೊಟ್ಟರೆ ದತ್ತಿಯ ಕೆಲಸವು ಆರಂಭವಾಯಿತೇ ಹೊರತು ಮುಗಿಯಲಿಲ್ಲ. ಕಲಿಯಬಯಸುವ ಬಡವನಿಗೆ ಪಾಠಶಾಲೆಯ ಬಾಗಿಲು ತೆರೆದಿರಬೇಕು. ಕೇಳಬಯಸುವವನಿಗೆ ಸಭೆಯಲ್ಲಿ ಸ್ಥಳವಿರಬೇಕು. ಜನರ ದ್ರವ್ಯದಿಂದ ಬೆಳೆದ ಕಲೆಯು ಕೆಲವರ ಭೂಷಣವಾಗಿ ನಿಂತರೆ ಅದು ತೀರದ ಋಣ. ಖಜಾನೆಯ ಅನುದಾನಕ್ಕೂ ಇದೇ ಮಾತು, ಮಠದ ಜೋಳಿಗೆಗೂ ಇದೇ ಮಾತು. ಜಾತ್ರೆಯಲ್ಲಿ ಸಂಗೀತಸೇವೆಗೆಂದು ಹಿಡಿ ಜೋಳವನ್ನು ನೀಡುವ ಭಕ್ತನು ಬಿಜ್ಜಳನಂತೆ ಶಾಸನವನ್ನು ಬರೆಯಿಸಲಾರನು. ಆದರೆ ಆ ಸೇವೆಯ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಕ್ಕು ಅವನಿಗೂ ಅವನ ಮಕ್ಕಳಿಗೂ ಸಮನಾಗಿ ಸಲ್ಲುವುದು. ಆ ಹಕ್ಕನ್ನು ಕಾಪಾಡಿಕೊಂಡು ಬರುವುದೇ ಕಲಾದಾಸೋಹದ ನಿಜವಾದ ಅರ್ಥ.