ಜುಲೈ ಒಂದರ ಚರಿತ್ರೆ

1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಈ ಕಥೆಯಲ್ಲಿ ಬರುವ ಹೆಸರುಗಳು ನಮಗೆ ಗೊತ್ತು: ಅದನ್ನು ಕಣ್ಣಾರೆ ಕಾಣುವ ಮೊದಲೇ ತೀರಿಕೊಂಡ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಆಮೇಲೆ ಚರಿತ್ರೆ ಒಂದೇ ನೆಗೆತಕ್ಕೆ 1905ರ ಬೆಂಗಳೂರಿನ ಬೀದಿದೀಪಗಳಿಗೆ ಹೋಗಿಬಿಡುತ್ತದೆ.

ನನ್ನ ಕುತೂಹಲವಿರುವುದು ಜುಲೈ 1ರ ಬಗ್ಗೆ. ಅವತ್ತು ಯಂತ್ರ ಒರೆಸಿದವರು ಯಾರು?

ಜನರೇಟರಿನ ಒಳಗೆ ತಾಮ್ರದ ಸುರುಳಿಗಳಿರುತ್ತವೆ. ಆ ಕಾಲದಲ್ಲಿ ಅವುಗಳಿಗೆ ಅಭ್ರಕ, ಬಟ್ಟೆ ಮತ್ತು ವಾರ್ನಿಷಿನ ಹೊದಿಕೆ. ಶಾಖ, ಧೂಳು, ತೇವ ಮೂರೂ ಅದಕ್ಕೆ ಶತ್ರುಗಳು. ಓಡುವ ಯಂತ್ರ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ನಿಲ್ಲಿಸಿದ ಯಂತ್ರ ತಣ್ಣಗಾಗಿ ಗಾಳಿಯ ಪಸೆ ಹೀರುತ್ತದೆ. ಜಲಪಾತದ ಪಕ್ಕದಲ್ಲಂತೂ ಪಸೆಗೆ ಬರವಿಲ್ಲ. ಹಾಗಾಗಿ ಬಹಳ ದಿನ ಸುಮ್ಮನಿದ್ದ ಯಂತ್ರವನ್ನು ನೇರವಾಗಿ ಚಾಲೂ ಮಾಡುವ ಹಾಗಿಲ್ಲ. ಮೊದಲು ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಅಳೆಯಬೇಕು. ಕೈಯಲ್ಲಿ ತಿರುಗಿಸುವ ಹಿಡಿಯಿದ್ದ ಮೆಗ್ಗರ್ ಪೆಟ್ಟಿಗೆ ತಲೆಮಾರುಗಳ ಕಾಲ ಈ ಕೆಲಸ ಮಾಡಿತು. ಅಳತೆ ಕಡಿಮೆ ಬಂದರೆ ಯಂತ್ರವನ್ನು ಮೆಲ್ಲಗೆ ಕಾಯಿಸಿ ಒಣಗಿಸಬೇಕು. ಅವಸರ ಮಾಡಿದರೆ ಸುರುಳಿ ಸುಟ್ಟುಹೋಗುತ್ತದೆ, ಅಷ್ಟೇ.

ತಿರುಗುವ ಉಂಗುರಕ್ಕೆ ಒತ್ತಿಕೊಂಡಿರುವ ಕಾರ್ಬನ್ ಬ್ರಷ್‌ನದು ಇನ್ನೂ ನಾಜೂಕಿನ ವಿಷಯ. ಒತ್ತಡ ಕಡಿಮೆಯಾದರೆ ಕಿಡಿ ಹಾರುತ್ತದೆ, ಹೆಚ್ಚಾದರೆ ಬ್ರಷ್ಷೂ ಉಂಗುರವೂ ಸವೆಯುತ್ತವೆ. ಸವೆದ ಕಾರ್ಬನ್ನಿನ ಪುಡಿ ವಿದ್ಯುತ್ ವಾಹಕ. ಒರೆಸದೆ ಬಿಟ್ಟರೆ ಅದೇ ವಿದ್ಯುತ್ತಿಗೆ ಕಳ್ಳದಾರಿಯಾಗುತ್ತದೆ.

ನನ್ನ ಅಜ್ಜ ಒಂದು ಜವಳಿ ಗಿರಣಿಯಲ್ಲಿ ದೊಡ್ಡ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಅವರ ಅಭ್ಯಾಸ. ಸಂಜೆ ಮನೆಗೆ ಬಂದವರನ್ನು "ಇವತ್ತೇನಾಯ್ತು ಅಜ್ಜ?" ಅಂದರೆ, "ಏನೂ ಆಗ್ಲಿಲ್ಲ ಕಣೋ, ಅದಕ್ಕೇ ಸಂಬಳ" ಅನ್ನುತ್ತಿದ್ದರು.

ಸಂಶೋಧಕನಾಗಿ ನನ್ನ ತೊಡಕು ಇರುವುದು ಈ "ಏನೂ ಆಗ್ಲಿಲ್ಲ"ದಲ್ಲೇ. ಯಂತ್ರ ಕೆಟ್ಟರೆ ಕಡತ ಹುಟ್ಟುತ್ತದೆ: ತನಿಖೆ, ಖರ್ಚು, ಸಮಜಾಯಿಷಿ. ಕೆಡದಂತೆ ನೋಡಿಕೊಂಡ ರಾತ್ರಿಪಾಳಿಗೆ ಲಾಗ್ ಪುಸ್ತಕದಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು, ಆ ಪುಸ್ತಕವೂ ರದ್ದಿಗೆ ಹೋಗುತ್ತದೆ. ನಾವು ಸಾಕ್ಷ್ಯ ಎಂದು ಓದುವುದರಲ್ಲಿ ಬಹುಪಾಲು ಸೋಲಿನ ದಾಖಲೆ. ಗೆದ್ದವರ ಹೆಸರು ಬೇಕೆಂದರೆ ಸಂಬಳದ ಪಟ್ಟಿ, ಎಣ್ಣೆ ಮತ್ತು ಒರೆಸುವ ಬಟ್ಟೆಯ ಖರೀದಿ ಲೆಕ್ಕಗಳನ್ನೇ ತಡಕಬೇಕು. ಈಗ ನಾನು ಅವನ್ನೇ ಹುಡುಕುತ್ತಿದ್ದೇನೆ.

ಕೊನೆಗಾಲದಲ್ಲಿ ಅಜ್ಜನಿಗೆ ನಮ್ಮ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಲಗಿದ್ದವರು ಚಾವಣಿಯ ಫ್ಯಾನಿನತ್ತ ಬೆರಳು ತೋರಿಸಿ ಅಂದರು: "ಅದರ ಬೇರಿಂಗ್ ನೋಡ್ಸು."