ಡಚ್ಚರ ದೇಶದ ಗಾಂಜಾ ಶಾಸನ

ನೆದರ್‌ಲೆಂಡ್ಸಿನಲ್ಲಿ ಗಾಂಜಾ ಮಾರುವುದು ಶಾಸನಸಮ್ಮತವೆಂದು ಅನೇಕರು ಭಾವಿಸಿರುವರು. ಅದು ಸರಿಯಲ್ಲ. ಅಲ್ಲಿಯ ಅಫೀಮು ಶಾಸನದಲ್ಲಿ ಆ ವಿಕ್ರಯವು ಇಂದಿಗೂ ಅಪರಾಧವೇ. ಆದರೆ ಸಾರ್ವಜನಿಕ ಹಿತಕ್ಕೆ ಮೇಲೆಂದು ತೋರಿದಲ್ಲಿ, ಅಪರಾಧವನ್ನು ಕಂಡೂ ಮೊಕದ್ದಮೆ ಹೂಡದೆ ಬಿಡುವ ಅಧಿಕಾರವು ಸರಕಾರಿ ವಕೀಲರಿಗೆ ಉಂಟು. ಅಲ್ಲಿಯ ಏರ್ಪಾಡೆಲ್ಲವೂ ಈ ಅಧಿಕಾರವನ್ನೇ ಆಶ್ರಯಿಸಿ ನಿಂತಿದೆ.

1919ರಲ್ಲಿ ಆ ಶಾಸನವು ಹುಟ್ಟಿದಾಗ ಗಾಂಜಾದ ಮಾತೇ ಇರಲಿಲ್ಲ. 1925ರ ಜಿನೀವಾ ಒಪ್ಪಂದದಲ್ಲಿ, ಭಾರತದವರು ಭಂಗಿಯೆಂದು ಕರೆಯುವ ಗಿಡವು ‘ಇಂಡಿಯದ ಸೆಣಬು’ ಎಂಬ ಹೆಸರಿನಿಂದ ಸೇರಿತು. ಅದನ್ನನುಸರಿಸಿ 1928ರಲ್ಲಿ ಡಚ್ಚರು ಅದರ ಆಮದು ರಫ್ತುಗಳನ್ನು ತಡೆದರು. ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧವಾದುದು 1953ರಲ್ಲಿ.

1972ರಲ್ಲಿ ಆಮ್‌ಸ್ಟರ್‌ಡಾಮಿನ ಬೀದಿಗಳಿಗೆ ಹೆರಾಯಿನ್ ಬಂದಿತು. ಅದೇ ವರ್ಷ ಮನೋವೈದ್ಯ ಪೀಟರ್ ಬಾನ್ ಅಧ್ಯಕ್ಷರಾಗಿದ್ದ ಸಮಿತಿಯು, ಮಾದಕ ವಸ್ತುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಒಂದೊಂದರ ಅಪಾಯವನ್ನು ನೋಡಿ ಶಾಸನ ಮಾಡಬೇಕೆಂದು ವರದಿಯಿತ್ತಿತು. ಗಾಂಜಾ ಕೊಳ್ಳಹೋದ ಹುಡುಗನು ಹೆರಾಯಿನ್ ಮಾರುವವನ ಕೈಗೆ ಸಿಕ್ಕಬಾರದೆಂಬುದೇ ಮುಖ್ಯ ಚಿಂತೆ. 1976ರ ತಿದ್ದುಪಡಿಯು ಮಾದಕಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿ, 30 ಗ್ರಾಮಿನವರೆಗೆ ಗಾಂಜಾ ಇಟ್ಟುಕೊಳ್ಳುವುದನ್ನು ಅಲ್ಪಾಪರಾಧವೆಂದಿತು.

‘ಕಾಫಿ ಷಾಪು’ಗಳೆಂಬ ಅಂಗಡಿಗಳು ಬೆಳೆದುದು ಈ ನೆರಳಿನಲ್ಲಿ. ಅಂಗಡಿಗೆ ಕಾಫಿಯ ಹೆಸರು, ಗಿರಾಕಿಗೆ ಗಾಂಜಾದ ಆಸೆ! ನಿಯಮಗಳೇನೋ ಬಿಗಿಯಾಗಿವೆ: ಜಾಹೀರಾತು ಕೂಡದು, ಹೆರಾಯಿನ್ನಿನಂತಹ ವಸ್ತು ಕೂಡದು, ನೆರೆಯವರಿಗೆ ಉಪದ್ರವ ಕೂಡದು, ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಒಬ್ಬನಿಗೆ ಮಾರಬಹುದಾದ ಪ್ರಮಾಣವು 1996ರಲ್ಲಿ 30 ಗ್ರಾಮಿನಿಂದ 5ಕ್ಕೆ ಇಳಿಯಿತು. ಅಂಗಡಿಯ ದಾಸ್ತಾನು 500 ಗ್ರಾಮನ್ನು ಮೀರಕೂಡದು.

ಆದರೆ ಆ ದಾಸ್ತಾನು ತೀರಿದೊಡನೆ ಸರಕು ಎಲ್ಲಿಂದ ಬರಬೇಕು? ಬೆಳೆಯುವುದೂ ಅಂಗಡಿಗೆ ಒದಗಿಸುವುದೂ ಅಪರಾಧ. ಅವಕ್ಕೆ ಈ ಕ್ಷಮೆಯಿಲ್ಲ. ಮುಂಬಾಗಿಲಿನಲ್ಲಿ ಕೊಳ್ಳುವವನನ್ನು ಪೋಲೀಸರು ನೋಡಿಯೂ ನೋಡದಂತಿರುವರು. ಹಿಂಬಾಗಿಲಿಗೆ ಮೂಟೆ ತಂದವನನ್ನು ಹಿಡಿಯುವರು. ಲೆಕ್ಕಾಚಾರದಲ್ಲಿ ಗಟ್ಟಿಗರೆನಿಸಿದ ಡಚ್ಚರು ಈ ವಿಪರೀತವನ್ನು ದಶಕಗಳ ಕಾಲ ಸಹಿಸಿದುದು ಸೋಜಿಗವೇ ಸರಿ. ತರುಣರನ್ನು ಹೆರಾಯಿನ್ನಿನಿಂದ ದೂರವಿರಿಸಲು ಹೊರಟ ಏರ್ಪಾಡೇ ಕಳ್ಳಬೆಳೆಗಾರರಿಗೆ ನಿಶ್ಚಿತವಾದ ಪೇಟೆಯೊಂದನ್ನು ಕಲ್ಪಿಸಿಕೊಟ್ಟಿತು.

ಕಡೆಗೆ 2023ರ ಡಿಸೆಂಬರಿನಲ್ಲಿ ಬ್ರೇಡಾ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಸರಕಾರವು ಪ್ರಯೋಗವೊಂದನ್ನು ಆರಂಭಿಸಿತು: ಅನುಮತಿ ಪಡೆದ ಬೆಳೆಗಾರರಿಂದಲೇ ಅಂಗಡಿಗಳಿಗೆ ಸರಕು. ಮುಂದೆ ಇದು ಹತ್ತು ಪುರಸಭೆಗಳಿಗೆ ಹಬ್ಬಿತು. 2025ರ ಏಪ್ರಿಲಿನಿಂದ ಅಲ್ಲಿಯ ಅಂಗಡಿಗಳು ಬೇರೆ ಗಾಂಜಾವನ್ನು ಮಾರುವಂತಿಲ್ಲ. ಆಮ್‌ಸ್ಟರ್‌ಡಾಮು ಆ ಹತ್ತರಲ್ಲಿ ಸೇರಿಲ್ಲ.